ಶೆಡ್ಡಿನಲ್ಲಿ ನಿಂತ ಕಾರುಗಳು

1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ಸರಬರಾಜನ್ನು ತಡೆಹಿಡಿದಾಗ ಅದರ ಬಿಸಿ ನಮ್ಮ ದೇಶಕ್ಕೂ ತಟ್ಟಿತು. ಪೆಟ್ರೋಲ್ ಬೆಲೆಯೇರಿಕೆಯನ್ನು ಪ್ರತಿಭಟಿಸಿ ಮುಂದಿನ ತಿಂಗಳು ಅಟಲ್ ಬಿಹಾರಿ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದದ್ದು ನಮ್ಮ ಬಂಧುಗಳಲ್ಲಿ ಹಿರಿಯರಿಗೆ ನೆನಪಿರಬಹುದು. ಕಾರುಳ್ಳವರು ಅದನ್ನು ಶೆಡ್ಡಿನಲ್ಲಿ ನಿಲ್ಲಿಸಿ ಬಸ್ಸು ಹತ್ತಿದ ಕಾಲವದು. ಆದರೆ ಹೀಗೆ ನಿಂತ ಕಾರು, ಬೇಕೆಂದಾಗ ಏಳಬೇಕಲ್ಲ!

ಆಗ ರಸ್ತೆಯಲ್ಲಿ ಹೆಚ್ಚಾಗಿ ಕಾಣುತ್ತಿದ್ದವು ಮಾರಿಸ್ ಆಕ್ಸ್‌ಫರ್ಡ್‌ನಿಂದ ರೂಪುಗೊಂಡ ಅಂಬಾಸಿಡರ್ ಮತ್ತು ಇಟಲಿ ಮೂಲದ ಫಿಯೆಟ್. ಎರಡರಲ್ಲೂ ಕಾರ್ಬ್ಯುರೇಟರ್. ಅದರೊಳಗಿನ ಪುಟ್ಟ ಬಟ್ಟಲಿನ ಪೆಟ್ರೋಲ್, ಕಾರು ಕೆಲವು ವಾರ ನಿಂತರೆ ಆವಿಯಾಗಿಬಿಡುತ್ತದೆ. ಟ್ಯಾಂಕು ತುಂಬಿದ್ದರೂ ಬಟ್ಟಲು ಒಣಗಿರುತ್ತದೆ. ಅದನ್ನು ತುಂಬಬೇಕಾದ ಪಂಪು ಎಂಜಿನ್ ತಿರುಗಿದರೆ ಮಾತ್ರ ಕೆಲಸಮಾಡುವಂಥದು. ಎಂಜಿನ್ ತಿರುಗಿಸಬೇಕಾದ ಬ್ಯಾಟರಿಯೋ ಅಷ್ಟರಲ್ಲಿ ತಾನೇ ಸೊರಗಿರುತ್ತದೆ. ತಿಂಗಳುಗಟ್ಟಲೆ ನಿಂತರಂತೂ ಹಳಸಿದ ಪೆಟ್ರೋಲ್ ಅಂಟಾಗಿ, ಜೆಟ್ಟಿನ ಸೂಕ್ಷ್ಮ ರಂಧ್ರ ಮುಚ್ಚಿಹೋಗುತ್ತದೆ. ಗಾಬರಿಯಿಂದ ಚೋಕ್ ಎಳೆದೆಳೆದು ಪ್ಲಗ್ಗುಗಳನ್ನು ತೋಯಿಸಿಬಿಡುವುದು ಇನ್ನೊಂದು ಪ್ರಾರಬ್ಧ.

ನಾನು ವಾಸವಿದ್ದ ಬೀದಿಯಲ್ಲಿ ಒಂದು ಅಂಬಾಸಿಡರ್ ಹೀಗೆ ಎರಡು ತಿಂಗಳು ನಿಂತಿತ್ತು. ಒಂದು ರಾತ್ರಿ ಪಕ್ಕದ ಮನೆಯ ಹೆಣ್ಣುಮಗಳಿಗೆ ಹೆರಿಗೆನೋವು ಕಾಣಿಸಿಕೊಂಡಿತು. ಸ್ಟಾರ್ಟರ್ ನಾಲ್ಕು ಬಾರಿ ನರಳಿ ಸುಮ್ಮನಾಯಿತು. ಬೀದಿಯವರೆಲ್ಲ ಸೇರಿ ತಳ್ಳಿದೆವು; ಏಳಲಿಲ್ಲ. ಲಾರಿ ಓಡಿಸುತ್ತಿದ್ದ ಹಿರಿಯರೊಬ್ಬರು ಬಂದು ಏರ್ ಫಿಲ್ಟರ್ ಬಿಚ್ಚಿಸಿ, ಕಾರ್ಬ್ಯುರೇಟರಿನ ಬಾಯಿಗೆ ಒಂದು ಚಮಚ ಪೆಟ್ರೋಲ್ ಹಾಕಿ, ಎಲ್ಲರನ್ನೂ ದೂರ ಸರಿಸಿ ಹ್ಯಾಂಡಲ್ ತಿರುಗಿಸಿದರು. (ಬೆಂಕಿ ಹಿಮ್ಮೆಟ್ಟಿ ಮುಖಕ್ಕೆ ಹಾರಬಲ್ಲ ಕೆಲಸವದು, ಯಾರೂ ಅನುಕರಿಸಬೇಡಿ.) ಮೂರನೆಯ ಸುತ್ತಿಗೆ ಎಂಜಿನ್ ಗುಡುಗಿತು. ಮಗು ಆಸ್ಪತ್ರೆಯಲ್ಲಿಯೇ ಹುಟ್ಟಿತು. ಮುಂದೆ ಅದು ನನ್ನ ತರಗತಿಯಲ್ಲಿ ಕುಳಿತು ಗಣಿತಕ್ಕೆ ಹೆದರುತ್ತಿತ್ತು ಎಂಬುದು ಬೇರೆ ಮಾತು.

2000ದಲ್ಲಿ ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಹೊಸ ಕಾರುಗಳಿಂದ ಕಾರ್ಬ್ಯುರೇಟರ್ ಮರೆಯಾಗತೊಡಗಿತು. ವಿದ್ಯುತ್ ಪಂಪು ಕೀಲಿ ತಿರುಗಿಸಿದೊಡನೆ ಪೆಟ್ರೋಲನ್ನು ಮುಂದೂಡುವುದರಿಂದ ಬಟ್ಟಲು ಒಣಗುವ ಪ್ರಶ್ನೆಯೇ ಉಳಿಯಲಿಲ್ಲ. ಅಂಬಾಸಿಡರ್ ತಯಾರಿಕೆಯೂ 2014ರಲ್ಲಿ ನಿಂತಿತು.

ನಿಮ್ಮಲ್ಲಿ ಕೆಲವರು ತಂದೆಯ ಕಾರನ್ನು ಪ್ರೀತಿಯಿಂದ ಉಳಿಸಿಕೊಂಡಿರುವುದನ್ನು ಬಲ್ಲೆ. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಬಹುಕಾಲ ನಿಂತ ಕಾರಾದರೆ ಮೊದಲು ಪೆಟ್ರೋಲ್ ಪೈಪುಗಳನ್ನು ಪರೀಕ್ಷಿಸಿ, ಹಳೆಯ ಪೆಟ್ರೋಲನ್ನು ತೆಗೆಸಿ; ಕೀಲಿ ತಿರುಗಿಸುವುದು ಆಮೇಲೆ.