ಬಿಡುಗಡೆಯ ಎರಡು ಊರುಗಳು



ರಿವರ್‌ಸೈಡ್‌ನಲ್ಲಿ ನಾವು ಸೇರಿದ್ದ ಸಂಜೆ, ಕಾಫಿ ಮುಗಿಯುವ ಹೊತ್ತಿಗೆ ಒಂದು ಪ್ರಶ್ನೆ ಎದ್ದಿತು. ನಮ್ಮ ಹಿರಿಯರು ಹೇಳುವ ಮೋಕ್ಷ, ಕ್ರೈಸ್ತರು ಹೇಳುವ ಬಿಡುಗಡೆ, ಈ ನಾಡಿನವರು ಹೇಳುವ 'ಉಹುರು' ಮೂರೂ ಒಂದೇನಾ? ಉತ್ತರ ಹುಡುಕುತ್ತಾ ಹೋದರೆ ನಮಗೆ ಸಿಕ್ಕಿದ್ದು ಎರಡು ಕರಾವಳಿಗಳ ಕಥೆ.

1844ರಲ್ಲಿ ಮಂಗಳೂರಿನಲ್ಲಿ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದರು. ಅದೇ ವರ್ಷ ಬಾಸೆಲ್‌ನಲ್ಲಿ ಓದಿದ್ದ ಯೋಹಾನ್ ಲುಡ್ವಿಗ್ ಕ್ರಾಫ್ ಮೊಂಬಾಸಾಕ್ಕೆ ಬಂದಿಳಿದರು. ಕೆಲವೇ ತಿಂಗಳಲ್ಲಿ ಹೆಂಡತಿಯನ್ನೂ ಹಸುಗೂಸನ್ನೂ ಅಲ್ಲೇ ಮಣ್ಣು ಮಾಡಬೇಕಾಯಿತು. ಆದರೂ ಅವರು ಹಿಂತಿರುಗಲಿಲ್ಲ.

ಇವರೆಲ್ಲ ನಂಬಿದ್ದ ಬಿಡುಗಡೆ ಸಂತ ಪೌಲನದು. ಮನುಷ್ಯ ಪಾಪದಿಂದಲೂ, ಪುಣ್ಯ ಕೂಡಿಡುವ ಲೆಕ್ಕಾಚಾರದಿಂದಲೂ ಬಿಡುಗಡೆಯಾಗಬೇಕು. ಹಾಗೆ ಬಿಡುಗಡೆಯಾದವನು ಮನಬಂದಂತೆ ನಡೆಯದೆ ಪ್ರೀತಿಯಿಂದ ಇನ್ನೊಬ್ಬರ ಸೇವೆಗೆ ನಿಲ್ಲಬೇಕು. 1520ರಲ್ಲಿ ಲೂಥರ್ ಇದನ್ನೇ ಒಗಟಿನಂತೆ ಹೇಳಿದರು: ಕ್ರೈಸ್ತನಿಗೆ ಒಡೆಯನಿಲ್ಲ, ಆದರೂ ಅವನು ಎಲ್ಲರ ಆಳು. ನಮ್ಮ ಮೋಕ್ಷ ಹುಟ್ಟುಸಾವಿನ ಚಕ್ರದಿಂದ ಪಾರಾಗುವುದು. ಈ ಬಿಡುಗಡೆ ಲೋಕದ ನಡುವೆಯೇ ನಿಲ್ಲುವುದು.

ಆದರೆ ಆತ್ಮಕ್ಕೆ ಬಿಡುಗಡೆ ಎಂದು ಸಾರಿ ದೇಹವನ್ನು ಕಟ್ಟಿಯೇ ಇಡಬಹುದೇ? ಓಡಿಬಂದ ದಾಸ ಒನೇಸಿಮನನ್ನು ಪೌಲ ಒಡೆಯ ಫಿಲೆಮೋನನ ಬಳಿಗೇ ಕಳಿಸಿದ, ಸಹೋದರನಂತೆ ಸ್ವೀಕರಿಸು ಎಂಬ ಪತ್ರದೊಂದಿಗೆ. ಆ ಪತ್ರವನ್ನು ದಾಸ್ಯದ ಪರವಾಗಿಯೂ ಓದಿದರು, ವಿರುದ್ಧವಾಗಿಯೂ ಓದಿದರು.

ಕೊಡಗಿನಲ್ಲಿ ಈ ಪ್ರಶ್ನೆ ನೆಲದ ಪ್ರಶ್ನೆಯಾಯಿತು. ಅಲ್ಲಿ ಹೊಲೆಯ ಕುಟುಂಬಗಳು ಭೂಮಾಲೀಕರಿಗೆ ಕಟ್ಟುಬಿದ್ದು ದುಡಿಯುತ್ತಿದ್ದವು. 'ಮಂಗಳೂರ ಸಮಾಚಾರ'ದ ಹೆರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಅಂಥವರಿಗಾಗಿ ಒಂದು ಊರು ಕಟ್ಟಿದರು. ನೆರವಾದ ಕೌಂಡಿನ್ಯರ ಹೆಸರಿನಿಂದ ಅದು ಆನಂದಪುರವಾಯಿತು. ಉಳಲು ನೆಲವಿಲ್ಲದವನಿಗೆ ಬರಿಯ ಉಪದೇಶ ಸಾಲದು ಎಂಬುದು ಅವರಿಗೆ ತಿಳಿದಿತ್ತು.

ಇಲ್ಲಿ ಮೊಂಬಾಸಾದ ಆಚೆ ದಡದಲ್ಲಿ 1875ರಲ್ಲಿ ಫ್ರೆರ್‌ಟೌನ್ ಎದ್ದಿತು. ಮುಂಬಯಿಯ ಗವರ್ನರ್ ಆಗಿದ್ದ ಬಾರ್ಟ್ಲ್ ಫ್ರೆರ್ ಅವರ ಹೆಸರಿನ ಊರದು. ಗುಲಾಮರ ಹಡಗುಗಳಿಂದ ಬಿಡಿಸಿದವರು ಅಲ್ಲಿ ನೆಲೆಸಿದರು. ಅವರಿಗೆ ಜೊತೆಯಾದವರಲ್ಲಿ ನಾಸಿಕದಲ್ಲಿ ಓದಿ ಬೆಳೆದ ಆಫ್ರಿಕನ್ನರೂ ಇದ್ದರು. 'ಬಾಂಬೆ ಆಫ್ರಿಕನ್ಸ್' ಎಂದೇ ಅವರು ಹೆಸರಾದರು. ಆದರೆ ಶಿಸ್ತಿನ ಹೆಸರಿನಲ್ಲಿ ಅಲ್ಲಿಯೂ ಛಡಿಯೇಟು ಬಿದ್ದದ್ದುಂಟು.

ನಿಜವಾದ ಪರೀಕ್ಷೆ ನಡೆದದ್ದು ಹತ್ತಿರದ ರಬಾಯಿಯಲ್ಲಿ. 1873ರ ಒಪ್ಪಂದ ಸಮುದ್ರದ ಗುಲಾಮ ವ್ಯಾಪಾರವನ್ನು ನಿಲ್ಲಿಸಿತ್ತು, ದಾಸ್ಯವನ್ನಲ್ಲ. ಓಡಿಬಂದವರನ್ನು ಸೇರಿಸಿಕೊಂಡರೆ ಒಡೆಯರು ಊರಿಗೇ ಬೆಂಕಿ ಇಟ್ಟಾರೆಂಬ ಭಯ. ಆದರೂ ಬಾಂಬೆ ಆಫ್ರಿಕನ್ನರಲ್ಲೊಬ್ಬರಾದ ವಿಲಿಯಂ ಜೋನ್ಸ್ ಇದ್ದ ರಬಾಯಿಯಲ್ಲಿ ಅವರಿಗೆ ಆಸರೆ ಸಿಕ್ಕಿತು. ಕೊನೆಗೆ ಬ್ರಿಟಿಷ್ ಪೂರ್ವ ಆಫ್ರಿಕಾ ಕಂಪನಿಯ ಜಾರ್ಜ್ ಮೆಕೆಂಝಿ ಒಡೆಯರಿಗೆ ಪರಿಹಾರ ಕೊಡಿಸಿದರು. 1889ರ ಜನವರಿ 1ರಂದು ಸುಮಾರು 1,400 ಮಂದಿಗೆ ಬಿಡುಗಡೆಯ ಪತ್ರ ದೊರೆಯಿತು. ಕಾನೂನಿನಲ್ಲಿ ದಾಸ್ಯ ಇಲ್ಲಿ ಕೊನೆಗೊಂಡದ್ದು 1907ರಲ್ಲಿ.

ಕಂಪನಿಗೆ ಬೇಕಾಗಿದ್ದುದು ಕರಾವಳಿಯ ಶಾಂತಿ. ಆದರೆ ಅದಕ್ಕೂ ಮೊದಲೇ ಬಾಗಿಲು ತೆರೆದವರು ಒಮ್ಮೆ ತಾವೇ ಸರಪಳಿಯಲ್ಲಿದ್ದವರು. ಬಿಡುಗಡೆಯಾದವನು ಇನ್ನೊಬ್ಬರ ಸೇವೆಗೆ ನಿಲ್ಲುತ್ತಾನೆ ಎಂಬ ಹಳೆಯ ಮಾತಿನ ಅರ್ಥ ನಮಗೆ ಅಲ್ಲಿ ಹೊಳೆಯಿತು.

ಫ್ರೆರ್‌ಟೌನಿನ ಗಂಟೆ ಇಂದಿಗೂ ಇದೆ. ಆ ಜಾಗಕ್ಕೆ ಕೆಂಗೆಲೇನಿ, ಅಂದರೆ ಗಂಟೆಯ ತಾಣ, ಎಂದೇ ಹೆಸರು. ಮೊಂಬಾಸಾಕ್ಕೆ ಹೋದಾಗ ಒಂದು ಗಳಿಗೆ ಅಲ್ಲಿ ನಿಂತು ಬನ್ನಿ. ಮುಂದಿನ ಸಂಜೆ ಮಾತು ಮುಂದುವರಿಸೋಣ.