ಮಿಸ್ಟ್ರಲ್: ಕೈಬರಹದ ಲವಲವಿಕೆ, ಅಚ್ಚುಮೊಳೆಯ ಶಿಸ್ತು

ಕೈಬರಹವನ್ನು ಅಚ್ಚಿಗೆ ಇಳಿಸುವ ಯತ್ನ ಫ್ರಾನ್ಸಿಗೆ ಹೊಸದಲ್ಲ. 1557ರಷ್ಟು ಹಿಂದೆಯೇ ಲಿಯೋನ್ ನಗರದಲ್ಲಿ ರಾಬರ್ಟ್ ಗ್ರಾಂಜೋನ್ ತನ್ನ ಕಾಲದ ಬರಹವನ್ನು ಮಾದರಿಯಾಗಿಟ್ಟುಕೊಂಡು ಅಚ್ಚಕ್ಷರ ರೂಪಿಸಿದ್ದ. ಆದರೆ ಅದು ಕಲಿತ ಕೈಯ, ಪಳಗಿದ ಬರಹ. 1953ರಲ್ಲಿ ಮಾರ್ಸೇಯ ಓಲೀವ್ ಎರಕಶಾಲೆ ಹೊರತಂದ ಅಚ್ಚಕ್ಷರ ಮಿಸ್ಟ್ರಲ್‌ನ ಸ್ವಭಾವವೇ ಬೇರೆ. ವಿನ್ಯಾಸಕಾರ ರೋಜೆ ಎಕ್ಸ್‌ಕೊಫೋನ್ (1910–1983) ಇದಕ್ಕೆ ಆಧಾರವಾಗಿ ಆರಿಸಿಕೊಂಡದ್ದು ತನ್ನದೇ ದಿನನಿತ್ಯದ ಕೈಬರಹವನ್ನು. ಹೆಸರಿಟ್ಟದ್ದು ದಕ್ಷಿಣ ಫ್ರಾನ್ಸಿನಲ್ಲಿ ಬೀಸುವ ಬಿರುಗಾಳಿಯದು.

ಇದರ ಗೆರೆಗಳ ಅಂಚು ಒರಟು. ಅಕ್ಷರಗಳ ಎತ್ತರ ಒಂದೇ ಸಮವಿಲ್ಲ. ಸಾಲಿನ ಮೇಲೆ ಅವು ತುಸು ಏರಿಳಿಯುತ್ತವೆ, ಕೆಲವು ಬಾಲಗಳು ಕೆಳಗೆ ಉದ್ದಕ್ಕೆ ಚಾಚಿಕೊಳ್ಳುತ್ತವೆ. ಮೇಲ್ನೋಟಕ್ಕೆ ಅವಸರದ ಗೀಚು. ಈ ಅವಸರ ಪೂರ್ತಿ ಲೆಕ್ಕ ಹಾಕಿದ್ದು ಎಂಬುದೇ ನನ್ನ ವಾದ. ಸೀಸದ ಮೊಳೆಯಲ್ಲಿ ಪ್ರತಿ ಅಕ್ಷರವೂ ತನ್ನದೇ ಚೌಕಟ್ಟಿನೊಳಗೆ ಒಂಟಿಯಾಗಿ ನಿಂತಿರುತ್ತದೆ. ಹಾಗಿರುವಾಗ ಯಾವ ಅಕ್ಷರದ ಪಕ್ಕದಲ್ಲಿ ಯಾವುದು ಬಂದರೂ ಗೆರೆ ಕಡಿಯದೆ ಹರಿಯಬೇಕು. ಒಂದು ಅಕ್ಷರದ ಕೊನೆ, ಮುಂದಿನದರ ಮೊದಲು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಸಂಧಿಸಬೇಕು. ಚಾಂಚಲ್ಯವನ್ನೆಲ್ಲ ಅಕ್ಷರದ ನಡುಭಾಗಕ್ಕೆ ಬಿಟ್ಟು, ಕೂಡುವ ತುದಿಗಳನ್ನು ಮಾತ್ರ ಕಟ್ಟುನಿಟ್ಟಾಗಿ ಹಿಡಿದಿಟ್ಟದ್ದರಲ್ಲಿ ಎಕ್ಸ್‌ಕೊಫೋನ್‌ನ ಪ್ರತಿಭೆಯಿದೆ. ಅಮೆರಿಕದಲ್ಲಿ ರಾಬರ್ಟ್ ಸ್ಮಿತ್ 1942ರಲ್ಲಿ ರೂಪಿಸಿದ ಬ್ರಷ್ ಸ್ಕ್ರಿಪ್ಟ್‌ನಲ್ಲಿಯೂ ಅಕ್ಷರಗಳು ಕೂಡಿಕೊಳ್ಳುತ್ತವೆ. ಅಲ್ಲಿ ಕಾಣುವುದು ಬೋರ್ಡ್ ಬರೆಯುವವನ ನುರಿತ ಕೈ. ಮಿಸ್ಟ್ರಲ್‌ನಲ್ಲಿ ಕಾಣುವುದು ಒಬ್ಬ ವ್ಯಕ್ತಿ.

ಬಳಕೆಯ ಮಿತಿಗಳೂ ಈ ರಚನೆಯಿಂದಲೇ ಹುಟ್ಟುತ್ತವೆ. ಅಕ್ಷರಗಳ ನಡುವೆ ಜಾಗ ಬಿಟ್ಟರೆ ಕೊಂಡಿಗಳು ಕಡಿದುಹೋಗುತ್ತವೆ. ಇಡೀ ಪದವನ್ನು ದೊಡ್ಡಕ್ಷರಗಳಲ್ಲಿ ಜೋಡಿಸಿದರೆ ಓದಲಾಗದು. ದೀರ್ಘ ಪಠ್ಯಕ್ಕೂ ಇದು ಹೇಳಿಮಾಡಿಸಿದ್ದಲ್ಲ. ಅಂಗಡಿಯ ಫಲಕ, ಪೋಸ್ಟರ್, ಲೇಬಲ್, ನಾಲ್ಕಾರು ಪದಗಳ ಶೀರ್ಷಿಕೆ: ಇಲ್ಲಿ ಮಾತ್ರ ಅದರ ಉಸಿರು ಸರಾಗ. ಫ್ರಾನ್ಸಿನ ಊರೂರಿನ ಅಂಗಡಿಗಳ ಮೇಲೆ ಅದು ನೆಲೆಯೂರಿತು. ಮುಂದೆ ಮೈಕ್ರೋಸಾಫ್ಟ್ ಆಫೀಸಿನ ಜೊತೆಗೆ ಜಗತ್ತಿನ ಕಂಪ್ಯೂಟರುಗಳನ್ನು ಸೇರಿತು. 2011ರ 'ಡ್ರೈವ್' ಚಿತ್ರದ ಶೀರ್ಷಿಕೆಯಲ್ಲಿ ಗುಲಾಬಿ ಬಣ್ಣ ತಳೆಯಿತು.

ಕನ್ನಡದಲ್ಲಿ ಕೈಬರಹದ ಫಾಂಟು ಮಾಡುವವರ ಮುಂದಿರುವ ಸಮಸ್ಯೆ ಬೇರೆಯದು. ನಮ್ಮ ಅಕ್ಷರಗಳು ಪಕ್ಕದ್ದಕ್ಕೆ ಅಂಟಿಕೊಳ್ಳುವುದಿಲ್ಲ. ಕೂಡಿಕೆ ನಡೆಯುವುದು ತಲೆಕಟ್ಟಿನ ಜಾಗದ ಗುಣಿತ ಚಿಹ್ನೆಗಳಲ್ಲಿ ಮತ್ತು ಕೆಳಗಿನ ಒತ್ತಿನಲ್ಲಿ. ಬರೆಯುವವನ ಕೈ ಗುರುತು ಸಿಗುವುದೂ ಅಲ್ಲಿಯೇ. ಹಾಗಾಗಿ ಮಿಸ್ಟ್ರಲ್‌ನ ಸೊಟ್ಟ ಗೆರೆಗಳನ್ನು ಕನ್ನಡಕ್ಕೆ ಹಚ್ಚುವುದರಿಂದ ಪ್ರಯೋಜನವಿಲ್ಲ. ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬ ಎಕ್ಸ್‌ಕೊಫೋನ್‌ನ ವಿವೇಚನೆಯನ್ನು ನಮ್ಮ ವಿನ್ಯಾಸಕಾರರು ಒತ್ತಕ್ಷರಗಳ ಮೇಲೆ ಪ್ರಯೋಗಿಸಿ ನೋಡಬೇಕು.