ನಗರದ ದಂಗೆ: ಪರಿಹಾರ ಯಾರಿಗೆ ಸಿಕ್ಕಿತು?

ಸದಸ್ಯ ಬಂಧುಗಳೇ, ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಹಳೇ ದಂಗೆಯ ಮಾತೇಕೆ ಅನ್ನಬೇಡಿ. ಇದೂ ಲೆಕ್ಕಪತ್ರದ ಕಥೆಯೇ.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ 'ಶರತ್ತು' ಪದ್ಧತಿಯಿತ್ತು. ಇಷ್ಟು ಹಣ ಕಟ್ಟುತ್ತೇನೆಂದು ಅಮಲ್ದಾರ ಬರೆದುಕೊಡಬೇಕು, ಕಡಿಮೆಯಾದರೆ ಕೈಯಿಂದ ತುಂಬಬೇಕು. ಕೈಯಿಂದ ಯಾರು ತುಂಬ್ತಾರೆ? ರೈತನನ್ನೇ ಹಿಂಡಿದರು. 1830ರಲ್ಲಿ ನಗರ ಸೀಮೆಯ ರೈತರು ಹೊಸಂತೆಯಲ್ಲಿ ಕೂಟ ಸೇರಿದರು. ಬೂದಿ ಬಸಪ್ಪ, ತರೀಕೆರೆಯ ಪಾಳೆಯಗಾರರು ಕೂಡಿಕೊಂಡ ಮೇಲೆ ಅದು ದೊಡ್ಡ ದಂಗೆಯಾಯಿತು. 1831ರಲ್ಲಿ ಕಂಪನಿಯ ಸೈನ್ಯ ನಗರದ ಕೋಟೆ ಹಿಡಿಯಿತು. ಆಡಳಿತ ಕೆಟ್ಟಿದೆಯೆಂದು ಗವರ್ನರ್ ಜನರಲ್ ಬೆಂಟಿಂಕ್ ಅದೇ ವರ್ಷ ರಾಜ್ಯವನ್ನೇ ವಹಿಸಿಕೊಂಡರು.

ಅಧಿಕಾರ ಕಳೆದುಕೊಂಡ ಮಹಾರಾಜರಿಗೆ ವರ್ಷಕ್ಕೆ 1 ಲಕ್ಷ ವರಹ, ಜೊತೆಗೆ ನಿವ್ವಳ ಹುಟ್ಟುವಳಿಯ ಐದರಲ್ಲೊಂದು ಪಾಲು ನಿಗದಿಯಾಯಿತು. ಅದೂ ಬಂದದ್ದು ರೈತನ ಕಂದಾಯದಿಂದಲೇ!

ಹಾಗಾದರೆ ರೈತನಿಗೇನು ಸಿಕ್ಕಿತು? 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ 769 ಚಿಲ್ಲರೆ ತೆರಿಗೆಗಳು ರದ್ದಾದವು. ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೂ ತೆರಿಗೆ! ಪಾಳೆಯಗಾರನ ಕಳೆದುಹೋದ ಕುದುರೆಯನ್ನು ಅಜ್ಜಂದಿರು ಹುಡುಕಿಕೊಡಲಿಲ್ಲವೆಂದು ಒಂದು ಹಳ್ಳಿ ಮೊಮ್ಮಕ್ಕಳ ಕಾಲಕ್ಕೂ ತೆರಿಗೆ ಕಟ್ಟುತ್ತಿತ್ತು. ರದ್ದಾದದ್ದು ದೊಡ್ಡ ಉಪಕಾರ, ನಿಜ. ಆದರೆ ಅಷ್ಟು ದಿನ ಕಟ್ಟಿದ್ದು ಹಿಂದಕ್ಕೆ ಬರಲಿಲ್ಲ. 1881ರಲ್ಲಿ ಒಡೆಯರ ಮನೆತನಕ್ಕೆ ರಾಜ್ಯ ಮರಳಿ ಬಂತು. ಕೂಟದಲ್ಲಿ ಸೇರಿ ದಂಗೆಯಲ್ಲಿ ಸತ್ತವರು ಮರಳಲಿಲ್ಲ.

ಆ ರೈತರಿಗೆ ತಮ್ಮ ಲೆಕ್ಕ ಕೇಳುವ ಹಕ್ಕಿರಲಿಲ್ಲ. ನಮಗಿದೆ. ವಾರ್ಷಿಕ ಮಹಾಸಭೆಗೆ ತಪ್ಪದೆ ಬನ್ನಿ, ಲೆಕ್ಕ ಕೇಳಿ.